ಹೆಬ್ಬೆರಳುದ್ದದ ಸಿಪಾಯಿಗೆ ಕೆಂಪು ಕೋಟು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಏರಿದ ಬ್ರಿಟಿಷ್ ಸೇನೆ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಕೆಂಪು ಕೋಟು. ಇಂಥ ಸಿಪಾಯಿಗಳ ಪುಟ್ಟ ಲೋಹದ ಗೊಂಬೆಗಳಿಗೆ ಬಣ್ಣ ಹಚ್ಚುವುದು ಬ್ರಿಟನ್ನಿನಲ್ಲಿ ಬಹುಕಾಲದ ಹವ್ಯಾಸ. ಗೊಂಬೆಯ ಎತ್ತರ ಸಾಮಾನ್ಯವಾಗಿ 54 ಮಿಲಿಮೀಟರ್. ಅಂದರೆ ಆಳಿನ ಎತ್ತರದ 32ನೇ ಒಂದು ಪಾಲು. ಈ ಹವ್ಯಾಸಿಗಳನ್ನು ಹೆಚ್ಚು ಸತಾಯಿಸುವ ಬಣ್ಣಗಳಲ್ಲಿ ಕೆಂಪೂ ಒಂದು.

ಇದಕ್ಕೆ ಕಾರಣವಿದೆ. ಕೋಣೆಯ ಹರಡಿದ ಬೆಳಕಿನಲ್ಲಿ ಅಷ್ಟು ಚಿಕ್ಕ ನೆರಿಗೆಗಳ ನೆರಳು ಕಣ್ಣಿಗೆ ಬೀಳದು. ಆದ್ದರಿಂದ ನೆರಳು, ಬೆಳಕು ಎರಡನ್ನೂ ಕುಂಚದಿಂದಲೇ ಮೂಡಿಸಬೇಕು. ನೀಲಿಗೆ ಬಿಳಿ ಬೆರೆಸಿದರೆ ತಿಳಿನೀಲಿ; ಅದೂ ನೀಲಿಯೇ. ಕೆಂಪಿಗೆ ಬಿಳಿ ಬೆರೆಸಿದರೆ ಮಾತ್ರ ಗುಲಾಬಿ! ಕಪ್ಪು ಬೆರೆಸಿದರೆ ಬಣ್ಣ ಮಂಕಾಗಿ ಸತ್ತಂತಾಗುತ್ತದೆ. ಹಾಗಾಗಿ ನೆರಿಗೆಯ ಉಬ್ಬಿಗೆ ಕಿತ್ತಳೆಯನ್ನೋ ಮೈಬಣ್ಣವನ್ನೋ ಸ್ವಲ್ಪ ಬೆರೆಸುತ್ತಾರೆ. ತಗ್ಗಿಗೆ ಕಂದು ಬಣ್ಣ, ಇಲ್ಲವೇ ಕೆಂಪಿನ ವಿರುದ್ಧ ಬಣ್ಣವಾದ ಹಸಿರಿನ ಒಂದು ಹನಿ ಸಾಕು.

ಅಕ್ರಿಲಿಕ್ ಬಣ್ಣ ನೀರಿನಲ್ಲಿ ಕರಗಿಸಿ ಹಚ್ಚುವಂಥದು, ನಿಮಿಷಗಳಲ್ಲಿ ಒಣಗುತ್ತದೆ. ತೈಲವರ್ಣದಂತೆ ಹಸಿಯಾಗಿದ್ದಾಗ ತೀಡಿ ಬೆರೆಸಲು ಹೆಚ್ಚು ಸಮಯವಿಲ್ಲ. ಜೊತೆಗೆ ಅನೇಕ ಕೆಂಪುಗಳು ಪಾರದರ್ಶಕ. ಅಡಿಯ ಬಣ್ಣವನ್ನು ಮುಚ್ಚುವುದಿಲ್ಲ. ಈ ದೋಷವನ್ನೇ ಗುಣವಾಗಿಸುವುದು ಜಾಣತನ. ಮೊದಲು ಕೆಂಗಂದು ಬಣ್ಣ ಬಳಿದು, ಅದರ ಮೇಲೆ ತೆಳುವಾದ ಕೆಂಪನ್ನು ಪದರ ಪದರವಾಗಿ ಹಚ್ಚುತ್ತಾರೆ. ತಗ್ಗಿನಲ್ಲಿ ಅಡಿಯ ಬಣ್ಣ ಉಳಿದು ನೆರಳಾಗುತ್ತದೆ. ಕೊನೆಗೆ ನೀರು ನೀರಾದ ಕೆಂಪಿನ ಒಂದು ಲೇಪ ಎಲ್ಲವನ್ನೂ ಒಂದುಗೂಡಿಸುತ್ತದೆ. ಉಣ್ಣೆ ಹೊಳೆಯುವುದಿಲ್ಲ, ಆದ್ದರಿಂದ ಮೇಲೆ ಹೊಳಪಿಲ್ಲದ ವಾರ್ನಿಷ್.

ಯಾವ ಕೆಂಪು ಎಂಬ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಸಾಮಾನ್ಯ ಸಿಪಾಯಿಯ ಕೋಟಿಗೆ ಮಂಜಿಷ್ಠದ ಜಾತಿಯ ಗಿಡದ ಬೇರಿನ ಅಗ್ಗದ ಬಣ್ಣ. ಅದು ಇಟ್ಟಿಗೆಯ ಛಾಯೆಯ ಕೆಂಪು. ಅಧಿಕಾರಿಯ ಕೋಟಿಗೆ ಪಾಪಾಸುಕಳ್ಳಿಯ ಮೇಲೆ ಬದುಕುವ ಕೋಚಿನೀಲ್ ಕೀಟದಿಂದ ತೆಗೆದ ದುಬಾರಿ ಕಡುಗೆಂಪು. ಇಬ್ಬರಿಗೂ ಒಂದೇ ಡಬ್ಬಿಯ ಬಣ್ಣ ಹಚ್ಚಿದರೆ ಗೊಂಬೆ ಅಂದವಾಗಿ ಕಂಡೀತು, ನಿಜವಾಗಲಾರದು. ದಂಡಯಾತ್ರೆಯ ಬಿಸಿಲು, ಮಳೆ, ಧೂಳಿನಲ್ಲಿ ಆ ಕೋಟೂ ಮಾಸಿರುತ್ತಿತ್ತು.

ಇನ್ನೂ ಒಂದು ಮಾತು ಉಳಿದಿದೆ. ಶ್ರೀರಂಗಪಟ್ಟಣದ ಮೇಲೆ ಏರಿ ಬಂದ ಸೇನೆಯಲ್ಲಿ ಕೆಂಪು ಕೋಟು ತೊಟ್ಟವರೆಲ್ಲ ಬಿಳಿಯರಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ದಳಗಳ ಭಾರತೀಯ ಸಿಪಾಯಿಗಳೂ ಅದನ್ನೇ ತೊಟ್ಟಿದ್ದರು. ಕೋಟಿನ ಕೆಂಪನ್ನು ಎಷ್ಟೇ ನಿಖರವಾಗಿ ಮೂಡಿಸಿದರೂ, ಎಲ್ಲ ಮುಖಗಳಿಗೂ ಒಂದೇ ಬಣ್ಣ ಬಳಿದರೆ ಆ ದಿನದ ಚಿತ್ರ ಸುಳ್ಳಾಗುತ್ತದೆ.