ಕಟ್ಟೆಯ ನೀರಿಗೆ ಲ್ಯಾಪ್‌ಟಾಪಿನ ಲೆಕ್ಕ

ಮಳೆಗಾಲದಲ್ಲಿ ಶ್ರೀರಂಗಪಟ್ಟಣದವರು ಕೇಳುವ ಮೊದಲ ಪ್ರಶ್ನೆ, ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೃಷ್ಣರಾಜಸಾಗರದಿಂದ, ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ ಎಂದು. ಹೊರಹರಿವು ಹೆಚ್ಚಿದರೆ ಊರಿನ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಎದುರು ನೀರು ಏರುತ್ತದೆ, ಪಕ್ಕದಲ್ಲಿ ಸೆಳೆತ ಜೋರಾಗುತ್ತದೆ, ಸುಳಿಗಳೆದ್ದು ಬುಡದ ಮರಳನ್ನು ಕೆದಕುತ್ತವೆ. ಇದನ್ನು ಹೇಳಲು ಎಂಜಿನಿಯರ್ ಬೇಕಿಲ್ಲ, ಹೊಳೆ ದಂಡೆಯಲ್ಲಿ ಬೆಳೆದವರೇ ಸಾಕು. ಎಷ್ಟು ಏರುತ್ತದೆ, ಎಷ್ಟು ಕೆದಕುತ್ತದೆ ಎಂದು ಕೇಳಿದಾಗಲೇ ಕಷ್ಟ ಶುರು.

ನೀರಿನ ಚಲನೆಗೆ ಸಮೀಕರಣ ಇಲ್ಲವೆಂದಲ್ಲ. ನೇವಿಯೆ 1822ರಲ್ಲಿ, ಸ್ಟೋಕ್ಸ್ 1845ರಲ್ಲಿ ಅದನ್ನು ಬರೆದಿಟ್ಟರು. ಆದರೆ ಸೇತುವೆಯ ಕಂಬಕ್ಕೋ ಕಟ್ಟೆಯ ತೂಬಿಗೋ ಅದನ್ನು ಕಾಗದದ ಮೇಲೆ ಬಿಡಿಸಲು ಇಂದಿಗೂ ಯಾರಿಂದಲೂ ಆಗಿಲ್ಲ. ಅದಕ್ಕೇ ಎಂಜಿನಿಯರುಗಳು ಪುಟ್ಟ ಅಣೆಕಟ್ಟು ಕಟ್ಟಿ ನೀರು ಬಿಟ್ಟು ನೋಡುವ ದಾರಿ ಹಿಡಿದರು. ಕೃಷ್ಣರಾಜಸಾಗರದಲ್ಲೇ ಇರುವ, 1944ರಲ್ಲಿ ಶುರುವಾದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ ಕೆಲಸಗಳಲ್ಲಿ ಇದೂ ಒಂದು. ಮಾದರಿಯ ಲೆಕ್ಕ ಸೊಗಸಾಗಿದೆ. ಕಟ್ಟೆಯನ್ನು ನೂರರಲ್ಲೊಂದು ಪಾಲಿಗೆ ಕುಗ್ಗಿಸಿದರೆ ನೀರಿನ ವೇಗ ಹತ್ತರಲ್ಲೊಂದು ಪಾಲಾಗಬೇಕು, ಹರಿವು ಲಕ್ಷದಲ್ಲೊಂದು ಪಾಲು. ಅಂದರೆ ಒಂದು ಲಕ್ಷ ಕ್ಯುಸೆಕ್ ಪ್ರವಾಹಕ್ಕೆ ಒಂದೇ ಕ್ಯುಸೆಕ್, ಸೆಕೆಂಡಿಗೆ ಸುಮಾರು 28 ಲೀಟರ್ ಸಾಕು! ತೊಡಕೂ ಇದೆ. ಕಟ್ಟೆಯನ್ನು ಕುಗ್ಗಿಸಬಹುದು, ನೀರಿನ ಗುಣವನ್ನು ಕುಗ್ಗಿಸಲಾಗದು. ಮೇಲ್ಮೈ ಎಳೆತ, ಜಿಗುಟು ಮೊದಲಿನಷ್ಟೇ ಇರುವುದರಿಂದ ದೊಡ್ಡ ಕಟ್ಟೆಯಲ್ಲಿ ನೊರೆನೊರೆಯಾಗಿ ಧುಮುಕುವ ನೀರು ಮಾದರಿಯಲ್ಲಿ ಅಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುವುದಿಲ್ಲ.

ಇನ್ನೊಂದು ದಾರಿ ಕಂಪ್ಯೂಟರಿನದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿ, 2004ರ ಡಿಸೆಂಬರಿನಿಂದ ಎಲ್ಲರಿಗೂ ಮುಕ್ತವಾದ ಓಪನ್‌ಫೋಮ್ ಎಂಬ ತಂತ್ರಾಂಶ ಇದಕ್ಕೆ ಹೆಸರುವಾಸಿ. ಅದು ಹೊಳೆಯನ್ನು ಸಾವಿರಾರು, ಲಕ್ಷಾಂತರ ಸಣ್ಣ ಕೋಶಗಳಾಗಿ ಸೀಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಭತ್ತದ ಗದ್ದೆಗಳಂತೆ ಮೇಲಿನದರಿಂದ ಹೊರಟ ನೀರು ಕೆಳಗಿನದಕ್ಕೆ ಅಷ್ಟೇ ಬರಬೇಕು, ನಡುವೆ ಒಂದು ತೊಟ್ಟೂ ಮಾಯವಾಗಕೂಡದು. ಪ್ರತಿ ಕೋಶಕ್ಕೂ ಒಂದು ಅಂಕಿ ಇರುತ್ತದೆ. ಪೂರ್ತಿ ನೀರಾದರೆ 1, ಬರೀ ಗಾಳಿಯಾದರೆ 0, ಅಲೆಯ ಮೇಲ್ಮೈ ಹಾದುಹೋಗುವಲ್ಲಿ ನಡುವಿನದೊಂದು.

ಹೊಸಬರು ಓಪನ್‌ಫೋಮಿನಲ್ಲಿ ಮೊದಮೊದಲು ಮಾಡುವ ಅಭ್ಯಾಸಗಳಲ್ಲೊಂದು ಅಣೆಕಟ್ಟು ಒಡೆಯುವುದು. ಗಾಬರಿ ಬೇಡ, ಅದು 58.4 ಸೆಂಟಿಮೀಟರ್ ಅಗಲದ ತೊಟ್ಟಿ. ಮೂಲೆಯಲ್ಲಿ ನಿಂತ ನೀರಿನ ಕಂಬ ಕುಸಿದು ಪುಟ್ಟ ತಡೆಗೆ ಬಡಿಯುತ್ತದೆ. ಕೋಶಗಳು 2268, ಸಾಧಾರಣ ಲ್ಯಾಪ್‌ಟಾಪ್ ಸಾಕು. ಚಿತ್ರ ಇನ್ನೂ ನಯವಾಗಲೆಂದು ಕೋಶದ ಉದ್ದ, ಅಗಲ, ಎತ್ತರ ಮೂರನ್ನೂ ಅರ್ಧ ಮಾಡುವ ಆಸೆ ಹುಟ್ಟಿದರೆ ಮಾತ್ರ ಕಷ್ಟ: ಕೋಶಗಳು ಎಂಟು ಪಟ್ಟು, ನೀರು ಒಂದೇ ನೆಗೆತಕ್ಕೆ ಕೋಶ ದಾಟದಂತೆ ಕಾಲದ ಹೆಜ್ಜೆಯೂ ಅರ್ಧ. ಕೆಲಸ ಹದಿನಾರು ಪಟ್ಟು.

ಹೊಳೆಯಂಥ ಹರಿವನ್ನು ಕಂಪ್ಯೂಟರಿಗೆ ಸಾಧ್ಯವಾದಷ್ಟು ಸಣ್ಣದಾಗಿ ಸೀಳಿದರೂ ಅದಕ್ಕಿಂತ ಸಣ್ಣ ಸುಳಿಗಳು ಉಳಿದೇ ಉಳಿಯುತ್ತವೆ. ಅವಕ್ಕೆ ಅಂದಾಜೇ ಗತಿ. ಬಹಳ ಬಳಕೆಯಲ್ಲಿರುವ ಒಂದು ಅಂದಾಜಿನಲ್ಲಿ 0.09 ಎಂಬ ಸ್ಥಿರಾಂಕವಿದೆ. ಪ್ರಯೋಗಗಳ ಅಳತೆಗೆ ಹೊಂದಿಸಿಕೊಂಡ ಅಂಕಿ ಅದು. ಮುಕ್ತ ತಂತ್ರಾಂಶದ ಬೆಲೆ ನನಗೆ ಕಾಣುವುದು ಇಲ್ಲಿ. ದುಡ್ಡು ಉಳಿಯುವುದು ಆಮೇಲಿನ ಮಾತು. ಆ 0.09 ಯಾವ ಕಡತದ ಯಾವ ಸಾಲಿನಲ್ಲಿದೆ ಎಂದು ಮಂಡ್ಯದ ವಿದ್ಯಾರ್ಥಿ ಸ್ವತಃ ತೆರೆದು ಓದಬಹುದು, ಬದಲಿಸಿ ಏನಾಗುತ್ತದೆ ನೋಡಬಹುದು. ಕಲಿಯಲು ಮುಂಬಯಿ ಐಐಟಿಯ ಫಾಸೀ ಯೋಜನೆಯ ಪಾಠಗಳೂ ಉಚಿತವಾಗಿ ಸಿಗುತ್ತವೆ.

ತೆರೆಯ ಮೇಲಿನ ಬಣ್ಣಬಣ್ಣದ ಪ್ರವಾಹಕ್ಕೆ ಮರುಳಾಗುವುದು ಸುಲಭ. ಕೋಶಗಳನ್ನು ಒರಟಾಗಿ ಸೀಳಿದರೂ ತಂತ್ರಾಂಶ ಚೆಂದದ ಚಿತ್ರವನ್ನೇ ಕೊಡುತ್ತದೆ, ತಪ್ಪಿದೆ ಎಂದು ತಾನಾಗಿ ಹೇಳುವುದಿಲ್ಲ. ಅದನ್ನು ಹಿಡಿಯಲು ಅಳತೆಯೇ ಬೇಕು. ಹಾಗಾಗಿ ಶುರು ಮಾಡುವವರು ವೆಲ್ಲೆಸ್ಲಿ ಸೇತುವೆಗೆ ನೇರ ಕೈಹಾಕುವುದಕ್ಕಿಂತ ಕಾಲೇಜಿನ ಪ್ರಯೋಗಾಲಯದ ಕಾಲುವೆಯಲ್ಲಿ ಒಂದು ಚೌಕ ಕಂಬ ನಿಲ್ಲಿಸಿ, ಎದುರಿನ ನೀರು ಎಷ್ಟು ಏರಿತೆಂದು ಅಳೆದು, ಅದೇ ಕಾಲುವೆಯನ್ನು ಓಪನ್‌ಫೋಮಿನಲ್ಲಿ ಕಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಮೇಲು.