ಮೇಷ್ಟ್ರ ದನಿ, ಕೊನೇ ಬೆಂಚಿನ ಕಿವಿ

ಬೆಳ್ಳಾವಿ ಸಂತೆಯಲ್ಲಿ ತರಕಾರಿಯವನನ್ನು ನೋಡಿ. ಗಿರಾಕಿ ದೂರವಿದ್ದರೆ ಕೂಗುತ್ತಾನೆ. ಹತ್ತಿರ ಬಂದರೆ ದನಿ ಇಳಿಸಿ, ಗುಟ್ಟು ಹೇಳಿದ ಹಾಗೆ ರೇಟು ಹೇಳುತ್ತಾನೆ. ವ್ಯಾಪಾರ ಕುದುರುವುದು ಆಗಲೇ. ಅಂಗಡಿಯವರಿಗೆಲ್ಲ ಗೊತ್ತಿರುವ ಈ ವಿದ್ಯೆ ನಮ್ಮ ಎಷ್ಟು ಜನ ಮೇಷ್ಟ್ರುಗಳಿಗೆ ಗೊತ್ತು?

ಮುಕ್ಕಾಲು ಗಂಟೆ ಒಂದೇ ರಾಗದಲ್ಲಿ ಪಾಠ ಹೇಳಿದರೆ, ಬಿಸಿಯೂಟ ಮುಗಿಸಿ ಕೂತ ಹುಡುಗ ತೂಕಡಿಸದೆ ಇನ್ನೇನು ಮಾಡಿಯಾನು? ಗದರಿದರೆ ಎರಡು ನಿಮಿಷ ಎಚ್ಚರ. ಆಮೇಲೆ ಅದೇ ಕಥೆ.

ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ವೀರಣ್ಣನವರು ನಾಡಿಗೆಲ್ಲ ಹೆಸರುವಾಸಿ ಮಾಡಿದರು. ಮೈಕಿಲ್ಲದ ಕಾಲ. ಕಡೇ ಸಾಲಿನವನಿಗೂ ಮಾತು ಮುಟ್ಟಬೇಕು. ಬರೀ ಕಿರುಚಿದರೆ ಆಗುತ್ತಿತ್ತೆ? ರಾಜನಿಗೊಂದು ದನಿ, ಹಾಸ್ಯಗಾರನಿಗೊಂದು ದನಿ, ನಡುವೆ ತಕ್ಕ ಮೌನ.

ನಮ್ಮೂರ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವರು. ಆ ಕಾಲದಲ್ಲೇ ವಿಜ್ಞಾನವನ್ನು ಜನರ ಕಿವಿಗೆ ಕನ್ನಡದಲ್ಲಿ ಮುಟ್ಟಿಸಲು ದುಡಿದರು. ಕೇಳುವವನನ್ನು ಮರೆತರೆ ಪಾಠವೆಲ್ಲಿ?

ಖರ್ಚೇನೂ ಇಲ್ಲ. ಮುಖ್ಯ ಮಾತಿಗೆ ನಿಧಾನ, ಕಥೆಗೆ ಚುರುಕು, ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಸುಮ್ಮನಿರುವುದು. ಗಲಾಟೆ ಎದ್ದಾಗ ದನಿ ಏರಿಸದೆ ಇಳಿಸಿ ನೋಡಿ. ಏನಂದರು ಅಂತ ಮಕ್ಕಳೇ ಕಿವಿ ನಿಮಿರಿಸುತ್ತಾರೆ. ಗಂಟಲೂ ಉಳಿಯುತ್ತದೆ. ದಿನವಿಡೀ ಕೂಗಿ ದನಿ ಒಡೆದ ಮೇಷ್ಟ್ರು ಎಷ್ಟು ಜನವಿಲ್ಲ! ನಡುನಡುವೆ ನೀರು ಕುಡಿಯಲಿ. ಮೂರು ವಾರವಾದರೂ ಗಂಟಲು ಬಿಡದಿದ್ದರೆ ಡಾಕ್ಟರಿಗೆ ತೋರಿಸಲಿ.

ಅಂಗಡಿ ಬಾಗಿಲೆಳೆದು, ಬಸ್ಸಿಳಿದು ಮನೆಗೆ ಹೋದವರು ಇವತ್ತು ಮಗುವನ್ನು ಮಾರ್ಕು ಕೇಳಬೇಡಿ. 'ಮೇಷ್ಟ್ರು ಹೇಳಿದ್ದು ಹಿಂದಿನ ಬೆಂಚಿಗೆ ಕೇಳಿಸ್ತೇನಪ್ಪಾ?' ಅಂತ ಕೇಳಿ.