ಕೆಮ್ಮು: ವೈದ್ಯರ ಬಳಿಗೆ ಯಾವಾಗ ಹೋಗಬೇಕು?

ಹೆಬ್ಬಗೋಡಿಯ ಸುತ್ತ ಕಾರ್ಖಾನೆಗಳು ಬಂದಿದ್ದರೂ ಆನೇಕಲ್ ತಾಲ್ಲೂಕಿನಲ್ಲಿ ರಾಗಿ ಬೇಸಾಯ ನಿಂತಿಲ್ಲ. ಒಕ್ಕಣೆಯ ದೂಳಿನ ಜೊತೆಗೆ ಹೊಸೂರು ರಸ್ತೆಯ ವಾಹನಗಳ ಹೊಗೆಯೂ ಇದೆ. ಹೀಗಾಗಿ ಕೆಮ್ಮು ಬಂದರೆ ‘ದೂಳಿನದು, ತಾನೇ ಹೋಗುತ್ತದೆ’ ಎಂದು ರೈತರು ಸುಮ್ಮನಿರುವುದುಂಟು. ಬಹುಪಾಲು ಕೆಮ್ಮು ಹೋಗುತ್ತದೆ, ನಿಜ. ಹೋಗದೆ ಉಳಿಯುವ ಕೆಮ್ಮಿನ ವಿಷಯದಲ್ಲಿ ಎಚ್ಚರ ಬೇಕು.

ದೂಳು, ಕಫಗಳನ್ನು ಹೊರಹಾಕಲು ದೇಹ ಕಂಡುಕೊಂಡ ಉಪಾಯವೇ ಕೆಮ್ಮು. ನೆಗಡಿಯ ಕೆಮ್ಮು ಸಾಮಾನ್ಯವಾಗಿ ದಿನೇ ದಿನೇ ಇಳಿಯುತ್ತದೆ. ಆದ್ದರಿಂದ ಬಿತ್ತನೆಯ ದಿನವನ್ನು ಬರೆದಿಡುವಂತೆ ಕೆಮ್ಮು ಶುರುವಾದ ದಿನವನ್ನೂ ಬರೆದಿಡುವುದು ಒಳ್ಳೆಯದು. ಎರಡು ವಾರವಾದರೂ ನಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಅದು ಕ್ಷಯರೋಗವಿರಬಹುದು.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೊಂದು 1963ರಲ್ಲಿ ಪ್ರಕಟವಾಯಿತು. ಕ್ಷಯವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಮ್ಮ ತೊಂದರೆಗಾಗಿ ಆಗಲೇ ಚಿಕಿತ್ಸಾಲಯಕ್ಕೆ ಹೋಗಿಬಂದಿದ್ದರೆಂದು ಅದರಿಂದ ತಿಳಿಯಿತು. ಅಂದರೆ ಔಷಧದ ಸೀಸೆ ತಂದರೆ ಸಾಲದು. ಕೆಮ್ಮು ಎಷ್ಟು ದಿನದ್ದೆಂದು ವೈದ್ಯರಿಗೆ ಹೇಳಿ, ಕಫ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.

ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ರೋಗಿಗೆ ಕೊಡುವ ಸಹಾಯಧನವನ್ನು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಗುಣವಾದಂತೆ ಕಂಡಿತೆಂದು ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು.

ಎರಡು ವಾರ ಕಾಯಬಾರದ ಸಂದರ್ಭಗಳು

1. ಕಫದಲ್ಲಿ ರಕ್ತ, ಎದೆನೋವು, ಸಂಜೆಯ ಜ್ವರ, ರಾತ್ರಿ ಬೆವರು ಅಥವಾ ತೂಕ ಇಳಿಯುವಿಕೆ.

2. ಉಸಿರಾಟಕ್ಕೆ ಕಷ್ಟವಾಗುವುದು, ತುಟಿ ನೀಲಿಗಟ್ಟುವುದು. ಆಗ 108ಕ್ಕೆ ಕರೆಮಾಡಬೇಕು.

3. ಕೆಮ್ಮುವ ಮಗು ಹಾಲು, ನೀರು ಕುಡಿಯದಿರುವುದು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇರುವುದು. ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಬಾರಿ ಉಸಿರಾಡುವುದು. ಉಸಿರನ್ನು ಮಗು ಅಳದೆ ಶಾಂತವಾಗಿರುವಾಗ ಎಣಿಸಬೇಕು.

4. ಕೀಟನಾಶಕ ಸಿಂಪಡಿಸಿದ ಮೇಲೆ ಕೆಮ್ಮಿನೊಡನೆ ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು. ಇದು ವಿಷಪ್ರಭಾವ. ಔಷಧದ ಡಬ್ಬಿಯ ಚೀಟಿ ಸಹಿತ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಬೂಷ್ಟು ಹಿಡಿದ ಹುಲ್ಲನ್ನು ಕೆದಕಿದ ಕೆಲವು ಗಂಟೆಗಳ ನಂತರ ಚಳಿಜ್ವರ, ಒಣಕೆಮ್ಮು ಬಂದು, ಪ್ರತಿ ಸಲವೂ ಹೀಗೆಯೇ ಆಗುತ್ತಿದ್ದರೆ ಆ ವಿಷಯವನ್ನೂ ವೈದ್ಯರಿಗೆ ತಿಳಿಸಬೇಕು. ಅಲಕ್ಷಿಸಿದರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾಗಬಹುದು. ಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಬಣವೆ ಹಾಕಬೇಕು.

ಒಕ್ಕಣೆ ಮುಗಿದು ದೂಳು ಅಡಗಿದ ಮೇಲೂ ಕೆಮ್ಮು ಉಳಿದಿದ್ದರೆ ದೂಳನ್ನು ದೂರುತ್ತ ಕೂರದೆ ಪರೀಕ್ಷೆ ಮಾಡಿಸಿಕೊಳ್ಳುವುದೇ ಜಾಣತನ. ಇದರಿಂದ ರೋಗಿಗಷ್ಟೇ ಅಲ್ಲ, ಅದೇ ಸೂರಿನಡಿ ಮಲಗುವ ಮಕ್ಕಳಿಗೂ ರಕ್ಷಣೆ ದೊರೆಯುತ್ತದೆ.